61 ವಯಸ್ಸು, ಮೆಡಿಕಲ್ ಫಿಟ್, ಆದರೂ ಕಂಪನಿ ಪೈಲಟ್‌ಗೆ ಕೆಲಸ ಇಲ್ಲ. ಇದು ಸರೀನಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಎಚ್‌ಎಎಲ್‌ನಲ್ಲಿ ದುಡಿದವರಿದ್ದೀರಿ, ದೇವನಹಳ್ಳಿ ಏರ್‌ಪೋರ್ಟ್‌ಗೆ ದಿನಾ ಹೋಗಿಬರುವವರಿದ್ದೀರಿ, ವಕೀಲರು, ಡಾಕ್ಟರು ಎಲ್ಲ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಚಿಕ್ಕಪ್ಪ ಪೈಲಟ್. ಏರ್‌ಲೈನ್‌ನಲ್ಲಿ ಅಲ್ಲ. ಒಂದು ಉದ್ಯಮ ಸಂಸ್ಥೆಯ ಸ್ವಂತ ವಿಮಾನ ಹಾರಿಸುತ್ತಿದ್ದರು. ಮಾಲೀಕರಿಗೆ ಬೇಡವಾದ ದಿನ ಅದೇ ವಿಮಾನ ಬಾಡಿಗೆಗೂ ಹೋಗುತ್ತದೆ. ಚಿಕ್ಕಪ್ಪನಿಗೆ ಈಗ 61. 60 ತುಂಬಿದಾಗ ವರ್ಷ ವರ್ಷ ಕರಾರು ಮಾಡಿಕೊಳ್ಳೋಣ ಅಂದಿದ್ದರು. ಈ ವರ್ಷ ಬೇಡ ಅಂದರು. ಕಾರಣ ಬರೆದು ಕೊಟ್ಟಿಲ್ಲ. ಹೊಸದಾಗಿ ಬಂದ ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಇಷ್ಟೇ: "ಕ್ಯಾಪ್ಟನ್, ನಮಗೆ ಇನ್ನು ಮುಂದೆ ಯಂಗ್ ಟೀಮ್ ಬೇಕು."

ಚಿಕ್ಕಪ್ಪ ಮೆಡಿಕಲ್‌ನಲ್ಲಿ ಫಿಟ್. ಸಿಮ್ಯುಲೇಟರ್ ಚೆಕ್ ಪಾಸಾಗಿದ್ದಾರೆ. ನಮ್ಮ ದೇಶದಲ್ಲಿ ವಾಣಿಜ್ಯ ಹಾರಾಟಕ್ಕೆ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ಇಟ್ಟಿರುವ ಮಿತಿ 65. ಅಂದರೆ ಸರ್ಕಾರದ ಲೆಕ್ಕದಲ್ಲಿ ಇವರು ಇನ್ನೂ ಹಾರಿಸಬಹುದು. ಬೇರೆ ಕಡೆ ಅರ್ಜಿ ಹಾಕಿದರೆ ಎಲ್ಲರೂ ಮೊದಲು ಕೇಳುವುದು ಹುಟ್ಟಿದ ದಿನಾಂಕ. ಎಷ್ಟು ಗಂಟೆ ಹಾರಿಸಿದ್ದೀರಿ ಅನ್ನುವುದು ಆಮೇಲೆ. ಒಬ್ಬರಂತೂ "55 ದಾಟಿದವರನ್ನು ನಾವು ತಗೊಳ್ಳಲ್ಲ ಸಾರ್" ಎಂದು ಫೋನ್ ಇಟ್ಟರಂತೆ.

ಸುರಕ್ಷತೆಗಾಗಿ ಒಂದು ಗೆರೆ ಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಆ ಗೆರೆ ಎಲ್ಲಿದೆ ಎಂದು ಯಾರೂ ಬರೆದು ತೋರಿಸುತ್ತಿಲ್ಲ. 65 ಅಂತ ಸರ್ಕಾರ ಹೇಳುತ್ತದೆ. ಒಬ್ಬರು 60 ಅನ್ನುತ್ತಾರೆ, ಇನ್ನೊಬ್ಬರು 55 ಅನ್ನುತ್ತಾರೆ. ಕೆಲಸಕ್ಕೆ ಸೇರುವಾಗ ಯಾರೂ ಹೇಳಿರುವುದಿಲ್ಲ. ಇದು ಅನ್ಯಾಯ ಅಲ್ವಾ? ತಿಳಿದವರು ಹೇಳಿ.

ಗುಬ್ಬಿಯಿಂದ, ತುಮಕೂರು ಜಿಲ್ಲೆ

ನಾನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ದುಡಿದು 60ಕ್ಕೆ ನಿವೃತ್ತನಾದವನು. ನಿಮ್ಮ ಚಿಕ್ಕಪ್ಪನ ಬಗ್ಗೆ ಬೇಜಾರಿದೆ. ಆದರೂ ಇನ್ನೊಂದು ಕಡೆಯ ಮಾತು ಹೇಳಬೇಕು.

ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಸುತ್ತಲಿನ ಹಳ್ಳಿಗಳ ಹುಡುಗರು ಐಟಿಐ, ಡಿಪ್ಲೊಮಾ ಮಾಡಿಕೊಂಡು ಆ ಗೇಟಿನ ಕಡೆ ನೋಡುತ್ತಿದ್ದಾರೆ. ದೊಡ್ಡವರು ಜಾಗ ಬಿಟ್ಟರೆ ತಾನೇ ಅವರಿಗೆ ಜಾಗ? ಕರ್ನಾಟಕ ಸರ್ಕಾರಿ ನೌಕರರಿಗೆ 60. ಹೈಕೋರ್ಟ್ ನ್ಯಾಯಾಧೀಶರಿಗೆ 62, ಸುಪ್ರೀಂ ಕೋರ್ಟ್‌ನವರಿಗೆ 65. ಎಲ್ಲರಿಗೂ ಒಂದು ದಿನ ಅಂತ ಇದ್ದೇ ಇದೆ. ಪೈಲಟ್‌ಗೆ ಮಾತ್ರ ಯಾಕೆ ಬೇಡ?

ಇನ್ನೊಂದು ವಿಷಯ. ವಯಸ್ಸಿನ ಗೆರೆ ಇಲ್ಲದಿದ್ದರೆ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ತೀರ್ಮಾನ ಮಾಡುವವನು ಮ್ಯಾನೇಜರ್. ಅವನಿಗೆ ಬೇಕಾದವನು 64ರವರೆಗೂ ಇರುತ್ತಾನೆ, ಬೇಡದವನು 57ಕ್ಕೇ ಹೋಗುತ್ತಾನೆ. ಎಲ್ಲರಿಗೂ ಒಂದೇ ವಯಸ್ಸು ಅಂತಿದ್ದರೆ ಯಾರಿಗೂ ಅವಮಾನ ಇಲ್ಲ. ಬೀಳ್ಕೊಡುಗೆ ಮಾಡಿ, ಹಾರ ಹಾಕಿ, ಮರ್ಯಾದೆಯಿಂದ ಕಳಿಸುತ್ತಾರೆ.

ರೈಟ್ ಸೀಟ್, ಕೋಲಾರ

ನಾನು ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ತಗೊಂಡು ಕೆಲಸಕ್ಕೆ ಕಾಯುತ್ತಿರುವವಳು. ಮನೆಯವರು ಜಮೀನಿನ ಮೇಲೆ ಸಾಲ ಮಾಡಿ ಓದಿಸಿದ್ದಾರೆ. ಈ ಓದಿಗೆ ಆಗುವ ಖರ್ಚು ಅರ್ಧ ಕೋಟಿ ಸುಲಭವಾಗಿ ದಾಟುತ್ತದೆ, ಎಲ್ಲರಿಗೂ ಗೊತ್ತು. ಹಾಗಾಗಿ ಹಿರಿಯರು ಜಾಗ ಬಿಡಲಿ ಎಂದು ನಾನೇ ಕೇಳಬೇಕಾಗಿತ್ತು. ಆದರೆ ಲೆಕ್ಕ ಹಾಗಿಲ್ಲ ಅಂಕಲ್.

200 ಗಂಟೆ ಹಾರಿಸಿದ ನನಗೆ ಸಿಗುವುದು ಬಲಗಡೆಯ ಸೀಟು, ಅಂದರೆ ಕೋ-ಪೈಲಟ್ ಜಾಗ. ಅದರ ಮೇಲಿನ ಏರ್‌ಲೈನ್ ಪೈಲಟ್ ಲೈಸೆನ್ಸ್ ಎಟಿಪಿಎಲ್‌ಗೆ ಕನಿಷ್ಠ 1500 ಗಂಟೆ ಬೇಕು. ಕ್ಯಾಪ್ಟನ್ ಹೋದ ಮಾತ್ರಕ್ಕೆ ಅವರ ಸೀಟಿಗೆ ನಾನು ಹೋಗಿ ಕೂರುವುದಿಲ್ಲ. ಇನ್ನೊಬ್ಬ ಕ್ಯಾಪ್ಟನ್ ಬರುತ್ತಾರೆ. ಒಂದೇ ಒಂದು ವಿಮಾನ ಇರುವ ಕಂಪನಿಗೆ ಕ್ಯಾಪ್ಟನ್ ಸಿಗದಿದ್ದರೆ ಆ ವಿಮಾನ ನಿಂತೇ ಇರುತ್ತದೆ. ಆಗ ಬಲಗಡೆ ಸೀಟಿನವರಿಗೂ ಹಾರಾಟ ಇಲ್ಲ.

ಒಂದು ಭಯವಂತೂ ಇದೆ, ಅದನ್ನೂ ಹೇಳುತ್ತೇನೆ. ಕಂಪನಿ ವಿಮಾನದಲ್ಲಿ ಕೆಲವು ಹಿರಿಯರು ಪಕ್ಕದಲ್ಲಿ ಕೂತವರ ಮಾತು ಕೇಳುವುದೇ ಇಲ್ಲ ಎಂದು ಸೀನಿಯರ್‌ಗಳು ಹೇಳುತ್ತಾರೆ. ಏರ್‌ಲೈನ್‌ನಲ್ಲಿ ದಿನಾ ಬೇರೆ ಬೇರೆಯವರ ಜೊತೆ ಹಾರುತ್ತಾರೆ. ಕಂಪನಿಯಲ್ಲಿ ಅದೇ ಇಬ್ಬರು, ವರ್ಷಗಟ್ಟಲೆ. ಕ್ಯಾಪ್ಟನ್ ಮಾಲೀಕರಿಗೆ ಆಪ್ತರು. ಕಿರಿಯಳು "ಸಾರ್, ಮೋಡ ಕೆಳಗಿದೆ, ವಾಪಸ್ ಹೋಗೋಣ" ಎಂದು ಹೇಳುವುದು ಅಷ್ಟು ಸುಲಭ ಅಲ್ಲ. ಇದು ವಯಸ್ಸಿಗಿಂತ ಸ್ವಭಾವದ ಪ್ರಶ್ನೆ ಇರಬಹುದು. ಆದರೆ ಪಕ್ಕದಲ್ಲಿ ಕೂತಿರುವವರ ಜೀವಕ್ಕೆ ಎರಡೂ ಒಂದೇ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಗುಬ್ಬಿ ಸಾರ್, ನಿಮ್ಮ ಎರಡನೇ ಮಾತು ನಿಜಕ್ಕೂ ತೂಕದ್ದು. ಚಿಕ್ಕಪ್ಪನ ವಿಷಯದಲ್ಲಿ ಆಗಿದ್ದೂ ಅದೇ. ಗೆರೆ ಬರೆದಿರಲಿಲ್ಲ, ಮ್ಯಾನೇಜರ್ ಎಳೆದದ್ದೇ ಗೆರೆ ಆಯಿತು.

ಕೋಲಾರದ ತಂಗಿ, ಕಂಪನಿ ಪೈಲಟ್ ಕೆಲಸ ಹೇಗಿರುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಏರ್‌ಲೈನ್ ಪೈಲಟ್‌ಗೆ ಹವಾಮಾನ, ಇಂಧನ, ದಾರಿ ಎಲ್ಲ ಲೆಕ್ಕ ಹಾಕಿ ಕೊಡಲು ಒಂದು ಇಲಾಖೆಯೇ ಇರುತ್ತದೆ. ಇವರಿಗೆ ಹಾಗಲ್ಲ. ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ, ಬೆಳಿಗ್ಗೆ ಆರಕ್ಕೆ ಎಚ್‌ಎಎಲ್ ಏರ್‌ಪೋರ್ಟ್‌ನಿಂದ ಹೊರಡಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಶುರುವಾದ ಮೇಲೆ ಹಳೇ ಏರ್‌ಪೋರ್ಟ್‌ನಲ್ಲಿ ಏರ್‌ಲೈನ್‌ಗಳು ನಿಂತವು. ಆದರೆ ಖಾಸಗಿ ವಿಮಾನಗಳು ಅಲ್ಲಿಂದ ಈಗಲೂ ಹಾರುತ್ತವೆ. ತೋರಣಗಲ್ಲಿನ ವಿದ್ಯಾನಗರದಂಥ ಸಣ್ಣ ನಿಲ್ದಾಣಕ್ಕೂ ಹೋಗಬೇಕು, ದೆಹಲಿಗೂ ಹೋಗಬೇಕು. ಮಾಲೀಕರ ಮೀಟಿಂಗ್ ಮುಗಿಯುವವರೆಗೆ ದಿನವಿಡೀ ಕಾಯಬೇಕು. ಮೀಟಿಂಗ್ ತಡವಾಗಿ, ಕತ್ತಲಾಗಿ, ಮಳೆ ಬಂದಾಗ "ಈಗ ಹೊರಡೋಕೆ ಆಗಲ್ಲ ಸಾರ್" ಎಂದು ಸಂಬಳ ಕೊಡುವವರ ಮುಖ ನೋಡಿ ಹೇಳಬೇಕು.

ಆ ಒಂದು ಮಾತು ಹೇಳಲು ಅನುಭವ ಬೇಕು. ಧೈರ್ಯ ಬೇಕು. ಕೆಲಸ ಹೋದರೂ ಪರವಾಗಿಲ್ಲ ಅನ್ನುವ ಮನಸ್ಸು ಬೇಕು. 30 ವರ್ಷದವನಿಗೆ ಇಎಂಐ ಇರುತ್ತದೆ, ಮಕ್ಕಳ ಫೀಸ್ ಇರುತ್ತದೆ. 60 ದಾಟಿದವರು ಇಲ್ಲ ಅನ್ನುವುದು ಹೆಚ್ಚು ಸುಲಭ ಅಂತ ನನಗೆ ಅನ್ನಿಸುತ್ತದೆ. ಹಿರಿಯರು ಬೇಡ ಅನ್ನುವ ಕಂಪನಿಗಳಿಗೆ ಇದೇ ಕಾರಣ ಇರಬಹುದಾ ಎಂಬ ಅನುಮಾನವೂ ನನಗಿದೆ.

ತುಮಕೂರು ವೈದ್ಯ

ನಾನು ಜನರಲ್ ಮೆಡಿಸಿನ್ ವೈದ್ಯ. ಪೈಲಟ್‌ಗಳ ಅಧಿಕೃತ ಪರೀಕ್ಷಕ ಅಲ್ಲ, ಆದರೆ ಈ ವಿಷಯವನ್ನು ಆಸಕ್ತಿಯಿಂದ ಓದಿಕೊಂಡು ಬಂದಿದ್ದೇನೆ.

60 ಎಂಬ ಸಂಖ್ಯೆ ಬಂದದ್ದು ವೈದ್ಯಕೀಯದಿಂದ ಅಲ್ಲ. 1959ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಏರ್‌ಲೈನ್ ಪೈಲಟ್‌ಗಳಿಗೆ 60ರ ಮಿತಿ ತಂದಿತು. ಜಾರಿಯಾದದ್ದು 1960ರಲ್ಲಿ. ಆಗ ಜೆಟ್ ವಿಮಾನಗಳು ಹೊಸದು. ಹಳೇ ಪೈಲಟ್‌ಗಳಿಗೆ ಹೊಸ ಜೆಟ್ ಕಲಿಸುವುದು ಕಂಪನಿಗಳಿಗೆ ಖರ್ಚು. ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ಸಿ.ಆರ್. ಸ್ಮಿತ್ ಅವರೇ ಈ ಮಿತಿ ತನ್ನಿ ಎಂದು ಎಫ್‌ಎಎ ಮುಖ್ಯಸ್ಥರನ್ನು ಕೇಳಿಕೊಂಡಿದ್ದರು. ಆ ಸಂಖ್ಯೆ ಸುಮಾರು ಅರ್ಧ ಶತಮಾನ ನಿಂತಿತು. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒ 2006ರಲ್ಲಿ 65 ಮಾಡಿತು, ಆದರೆ ಪಕ್ಕದ ಪೈಲಟ್ 60ಕ್ಕಿಂತ ಕಿರಿಯರಿರಬೇಕು ಎಂದಿತು. 2014ರಲ್ಲಿ ಆ ಷರತ್ತನ್ನೂ ತೆಗೆಯಿತು. ಅಮೆರಿಕ 2007ರ ಡಿಸೆಂಬರ್‌ನಲ್ಲಿ 65ಕ್ಕೆ ಬಂತು. ಜಪಾನ್‌ನಲ್ಲಿ ಈಗ 68 ತುಂಬುವವರೆಗೂ ಹಾರಿಸಬಹುದು.

ವೈದ್ಯರು ಮುಖ್ಯವಾಗಿ ನೋಡುವುದು ಹಾರಾಟದ ಮಧ್ಯೆ ಪೈಲಟ್ ದಿಢೀರ್ ಕುಸಿಯುವ ಸಾಧ್ಯತೆ ಎಷ್ಟು ಎಂದು. ಇಬ್ಬರು ಪೈಲಟ್ ಇರುವ ವಿಮಾನದಲ್ಲಿ ಒಬ್ಬರಿಗೆ ಈ ಸಾಧ್ಯತೆ ವರ್ಷಕ್ಕೆ ನೂರಕ್ಕೆ 1ಕ್ಕಿಂತ ಕಡಿಮೆ ಇರಬೇಕು ಅನ್ನುವುದು ಹಲವು ದೇಶಗಳು ಇಟ್ಟುಕೊಂಡಿರುವ ಅಳತೆ. ವಯಸ್ಸಾದಂತೆ ಇದು ಏರುತ್ತದೆ, ಸುಳ್ಳಲ್ಲ. ಆದರೆ ಏರಿಕೆ ಎಲ್ಲರಿಗೂ ಒಂದೇ ಥರ ಅಲ್ಲ. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಮನೆತನದ ಹೃದ್ರೋಗ, ಇವು ಹುಟ್ಟಿದ ದಿನಾಂಕಕ್ಕಿಂತ ಹೆಚ್ಚು ಹೇಳುತ್ತವೆ. ನಮ್ಮ ದೇಶದಲ್ಲಿ ಹೃದಯಾಘಾತ ಚಿಕ್ಕ ವಯಸ್ಸಿಗೇ ಬರುತ್ತದೆ, ದಿನಾ ನೋಡುತ್ತೇನೆ. 2023ರ ಆಗಸ್ಟ್‌ನಲ್ಲಿ ನಾಗಪುರ ಏರ್‌ಪೋರ್ಟ್‌ನ ಬೋರ್ಡಿಂಗ್ ಗೇಟ್ ಹತ್ತಿರ ಕುಸಿದು ತೀರಿಕೊಂಡ ಪೈಲಟ್‌ಗೆ ವಯಸ್ಸು 40. 2009ರಲ್ಲಿ ಬ್ರಸೆಲ್ಸ್‌ನಿಂದ ಅಮೆರಿಕದ ನೆವಾರ್ಕ್‌ಗೆ ಹೋಗುತ್ತಿದ್ದ ವಿಮಾನದಲ್ಲಿ 60 ವರ್ಷದ ಕ್ಯಾಪ್ಟನ್ ದಾರಿಯಲ್ಲೇ ತೀರಿಕೊಂಡರು. ಉಳಿದ ಪೈಲಟ್‌ಗಳು ಸುರಕ್ಷಿತವಾಗಿ ಇಳಿಸಿದರು. ಇಬ್ಬರು ಇರಬೇಕು ಅನ್ನುವ ನಿಯಮ ಇರುವುದೇ ಇದಕ್ಕೆ.

ಬುದ್ಧಿಯ ಚುರುಕು ಬೇರೆ ವಿಷಯ. ಇಸಿಜಿ, ಟ್ರೆಡ್‌ಮಿಲ್, ಕಣ್ಣು, ಕಿವಿ ಪರೀಕ್ಷೆಗಳಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. 2007ರಲ್ಲಿ ನ್ಯೂರಾಲಜಿ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 40ರಿಂದ 69 ವಯಸ್ಸಿನ 118 ಪೈಲಟ್‌ಗಳನ್ನು 3 ವರ್ಷ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿದ್ದರು. ಮೊದಲ ಸುತ್ತಿನಲ್ಲಿ ಹಿರಿಯರು ಹಿಂದಿದ್ದರು. ಆದರೆ ಮುಂದಿನ ವರ್ಷಗಳಲ್ಲಿ ಅವರ ಇಳಿಕೆ ಕಿರಿಯರಿಗಿಂತ ಕಡಿಮೆ ಇತ್ತು. ಬೇರೆ ವಿಮಾನಕ್ಕೆ ಡಿಕ್ಕಿಯಾಗದಂತೆ ತಪ್ಪಿಸುವ ಕೆಲಸದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಂಡಿತು. ಹೆಚ್ಚು ಪರಿಣತಿ ಇದ್ದವರು ಒಟ್ಟಾರೆ ಮುಂದಿದ್ದರು.

ಹಾಗಾಗಿ ನನ್ನ ಅಭಿಪ್ರಾಯ ಇದು. 60 ಆದ ಮೇಲೆ 6 ತಿಂಗಳಿಗೊಮ್ಮೆ ಮೆಡಿಕಲ್ ಆಗುತ್ತದೆ, ಅದು ಸರಿ. ಸಿಮ್ಯುಲೇಟರ್ ಚೆಕ್ ಇನ್ನೂ ಕಟ್ಟುನಿಟ್ಟಾಗಲಿ. ಪಾಸಾದವರನ್ನು ವಯಸ್ಸಾಯಿತು ಎಂದು ಕಳಿಸುವುದಕ್ಕೆ ವೈದ್ಯಕೀಯ ಕಾರಣ ಇಲ್ಲ. 65ರ ನಂತರದ ಬಗ್ಗೆ ಮಾತ್ರ ನಾನು ಹುಷಾರಾಗಿ ಮಾತಾಡುತ್ತೇನೆ. ಅಲ್ಲಿ ಅಪಾಯ ನಿಜವಾಗಿಯೂ ಏರುತ್ತದೆ.

ಶಿಡ್ಲಘಟ್ಟ ಕೆಂಪು ಮಣ್ಣು

ನಾನು ಏರ್‌ಪೋರ್ಟ್‌ನಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್. ಕಂಪನಿಗಳು ಯಾವಾಗಲೂ ಹೇಳೋದು ಇನ್ಶೂರೆನ್ಸ್. ವಯಸ್ಸು ಜಾಸ್ತಿಯಾದರೆ ವಿಮೆಯವರು ಪ್ರೀಮಿಯಂ ಏರಿಸುತ್ತಾರೆ ಅಂತ. ನಿಮ್ಮ ಚಿಕ್ಕಪ್ಪನಿಗೂ ಇದೇ ಹೇಳಿದರಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಹೌದು ಅಣ್ಣ, ಅದೂ ಒಂದು ಮಾತು ಬಂತು. ಪಾಲಿಸಿಯಲ್ಲಿ ಆ ಷರತ್ತು ಎಲ್ಲಿದೆ ತೋರಿಸಿ ಎಂದು ಚಿಕ್ಕಪ್ಪ ಕೇಳಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಚಿಂತಾಮಣಿ ವಕೀಲ

ಕಾನೂನಿನ ಕಡೆಯಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ತಾಳ್ಮೆಯಿಂದ ಓದಿ.

ಮೊದಲು ಕಹಿ ಮಾತು. ಖಾಸಗಿ ಕಂಪನಿ ವಯಸ್ಸಿನ ಕಾರಣಕ್ಕೆ ಭೇದ ಮಾಡಬಾರದು ಎಂದು ಹೇಳುವ ಸಾಮಾನ್ಯ ಕಾಯ್ದೆ ನಮ್ಮಲ್ಲಿ ಇಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವೆ. ವಯಸ್ಸು ಇಲ್ಲ. 14ನೇ ವಿಧಿಯ ಸಮಾನತೆ ಕೇಳಲು ಎದುರಿಗೆ ಸರ್ಕಾರ ಅಥವಾ ಸರ್ಕಾರಿ ಸಂಸ್ಥೆ ಇರಬೇಕು. ಖಾಸಗಿ ಮಾಲೀಕರ ಮುಂದೆ ಉಳಿಯುವುದು ನೇಮಕಾತಿ ಪತ್ರ ಮತ್ತು ಕರಾರು ಮಾತ್ರ.

ಅಮೆರಿಕದಲ್ಲಿ ಹಾಗಲ್ಲ. 1967ರಿಂದಲೇ 40 ದಾಟಿದವರಿಗೆ ವಯೋಭೇದದಿಂದ ರಕ್ಷಣೆ ಕೊಡುವ ಕಾಯ್ದೆ ಇದೆ. 1985ರಲ್ಲಿ ವೆಸ್ಟರ್ನ್ ಏರ್‌ಲೈನ್ಸ್‌ನ ಒಂದು ಕೇಸ್ ಅಲ್ಲಿನ ಸುಪ್ರೀಂ ಕೋರ್ಟ್‌ಗೆ ಹೋಯಿತು. ಫ್ಲೈಟ್ ಎಂಜಿನಿಯರ್‌ಗಳು 60ಕ್ಕೇ ನಿವೃತ್ತಿಯಾಗಬೇಕು ಎಂದು ಕಂಪನಿ ಹಠ ಹಿಡಿದಿತ್ತು. ಕೋರ್ಟ್ ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ. ಆ ವಯಸ್ಸು ದಾಟಿದ ಹೆಚ್ಚುಕಡಿಮೆ ಯಾರಿಂದಲೂ ಕೆಲಸ ಸುರಕ್ಷಿತವಾಗಿ ಆಗುವುದಿಲ್ಲ ಎಂದು ತೋರಿಸಿ, ಇಲ್ಲವೇ ಒಬ್ಬೊಬ್ಬರನ್ನೇ ಪರೀಕ್ಷಿಸುವುದು ಸಾಧ್ಯವೇ ಇಲ್ಲ ಎಂದು ತೋರಿಸಿ. ಕಂಪನಿ ಸೋತಿತು. ವೈದ್ಯರು ಮೇಲೆ ಹೇಳಿದ ಮಾತಿಗೆ ಇದು ಹತ್ತಿರ ಇದೆ ನೋಡಿ.

ಈಗ ಸರಿಯಾಗಿ ಕಂಪನಿ ಪೈಲಟ್‌ಗಳದ್ದೇ ಕೇಸ್. ಅಮೆರಿಕದ 65ರ ಮಿತಿ ಏರ್‌ಲೈನ್‌ಗಳಿಗೆ. ಕಂಪನಿಯ ಸ್ವಂತ ವಿಮಾನಕ್ಕೆ ಆ ನಿಯಮ ಬರುವುದಿಲ್ಲ. ತೈಲ ಕಂಪನಿ ಎಕ್ಸಾನ್‌ಮೊಬಿಲ್ ಮಾತ್ರ ತನ್ನ ಪೈಲಟ್‌ಗಳಿಗೆ ಅದೇ ಮಿತಿ ಇಟ್ಟಿತ್ತು. ಮೊದಲು 60, ಏರ್‌ಲೈನ್ ನಿಯಮ ಬದಲಾದ ಮೇಲೆ 65. ಸಮಾನ ಉದ್ಯೋಗಾವಕಾಶ ಆಯೋಗ 2006ರಲ್ಲಿ ಕೇಸ್ ಹಾಕಿತು. ಕೆಳಗಿನ ಕೋರ್ಟ್ ಕಂಪನಿ ಪರ ಹೇಳಿತು. 2009ರಲ್ಲಿ ಮೇಲ್ಮನವಿ ಕೋರ್ಟ್ ಮತ್ತೆ ವಿಚಾರಣೆ ಮಾಡಿ ಎಂದು ವಾಪಸ್ ಕಳಿಸಿತು. ಮತ್ತೆ ಕಂಪನಿಯೇ ಗೆದ್ದಿತು. 2014ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನಮ್ಮ ಪೈಲಟ್‌ಗಳ ಕೆಲಸವೂ ಏರ್‌ಲೈನ್ ಪೈಲಟ್‌ಗಳ ಕೆಲಸದ ಹಾಗೇ ಇದೆ, ಹಾಗಾಗಿ ಅದೇ ಮಿತಿ ನ್ಯಾಯ ಅನ್ನುವುದು ಕಂಪನಿಯ ವಾದ.

ಆ ಕಂಪನಿ ಕೋರ್ಟ್‌ನಲ್ಲಿ ಗೆದ್ದದ್ದು ಒಂದು ಬರೆದ ನಿಯಮ ಇಟ್ಟುಕೊಂಡು. ಅದು ಎಲ್ಲ ಪೈಲಟ್‌ಗಳಿಗೂ ಒಂದೇ ಆಗಿತ್ತು, ಸರ್ಕಾರದ ಅಳತೆಗೆ ಕಟ್ಟಿಕೊಂಡಿತ್ತು. "ಯಂಗ್ ಟೀಮ್ ಬೇಕು" ಎಂಬ ಮಾತಿಗೆ ಅಂಥ ಆಧಾರ ಯಾವುದೂ ಇಲ್ಲ.

ಯುರೋಪಿನದ್ದೂ ಹೇಳಿಬಿಡುತ್ತೇನೆ. 2011ರಲ್ಲಿ ಯುರೋಪಿಯನ್ ನ್ಯಾಯಾಲಯ ಲುಫ್ತಾನ್ಸಾದ 60ರ ನಿವೃತ್ತಿಯನ್ನು ಒಪ್ಪಲಿಲ್ಲ. ಸರ್ಕಾರಿ ನಿಯಮವೇ 65ರವರೆಗೆ ಬಿಡುವಾಗ ನೀವು 60 ಅನ್ನುವುದು ಸುರಕ್ಷತೆಗೆ ಅಗತ್ಯ ಅಲ್ಲ ಎಂದಿತು. 2017ರಲ್ಲಿ ಅದೇ ನ್ಯಾಯಾಲಯ 65ರ ಮಿತಿಯನ್ನು ಒಪ್ಪಿತು. ಆದರೆ ಪ್ರಯಾಣಿಕರಿಲ್ಲದೆ ವಿಮಾನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದಕ್ಕೆ, ತರಬೇತಿ ಕೊಡುವುದಕ್ಕೆ ಆ ಮಿತಿ ಅಡ್ಡ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. 60 ಬೇಡ, 65 ಸರಿ, ಅದೂ ಪ್ರಯಾಣಿಕರು ಅಥವಾ ಸರಕು ಇದ್ದಾಗ. ನನಗೆ ಇದು ತುಂಬಾ ಹದವಾದ ತೀರ್ಪು ಅನ್ನಿಸುತ್ತದೆ.

ರೈಟ್ ಸೀಟ್, ಕೋಲಾರ

ವಕೀಲ ಸಾರ್, ಹೆಂಗಸರ ವಿಷಯವನ್ನೂ ಸೇರಿಸಿ. ನಮಗೆ ವಯಸ್ಸಿನ ಪ್ರಶ್ನೆ 60ರಲ್ಲಿ ಬರುವುದಿಲ್ಲ, 26ರಲ್ಲೇ ಬರುತ್ತದೆ. ಒಂದು ಕಂಪನಿಯ ಇಂಟರ್‌ವ್ಯೂನಲ್ಲಿ "ಮದುವೆ ಯಾವಾಗ" ಎಂದು ಕೇಳಿದರು. ಟೈಪ್ ರೇಟಿಂಗ್‌ಗೆ, ಅಂದರೆ ನಮ್ಮ ಮಾದರಿಯ ವಿಮಾನ ಹಾರಿಸುವ ತರಬೇತಿಗೆ, ಖರ್ಚು ಮಾಡುತ್ತೇವೆ, ಆಮೇಲೆ ನೀವು ಬಿಟ್ಟು ಹೋದರೆ ಎಂದು. ನನ್ನ ಜೊತೆ ಬಂದಿದ್ದ ಹುಡುಗನಿಗೆ ಆ ಪ್ರಶ್ನೆ ಬರಲಿಲ್ಲ.

ಚಿಂತಾಮಣಿ ವಕೀಲ

ಸರಿಯಾಗಿ ನೆನಪಿಸಿದಿರಿ ಮೇಡಂ. ನಮ್ಮ ದೇಶದಲ್ಲಿ ಆಕಾಶದ ಕೆಲಸ ಮತ್ತು ವಯಸ್ಸಿನ ದೊಡ್ಡ ಕೇಸ್ ಹೆಂಗಸರದ್ದೇ. ಏರ್ ಇಂಡಿಯಾ ವಿರುದ್ಧ ನರ್ಗೀಸ್ ಮಿರ್ಜಾ, 1981. ಗಗನಸಖಿಯರು 35ಕ್ಕೆ ನಿವೃತ್ತಿ. ಸೇರಿದ 4 ವರ್ಷದೊಳಗೆ ಮದುವೆಯಾದರೆ ಕೆಲಸ ಹೋಗುತ್ತಿತ್ತು. ಮೊದಲ ಬಸುರಿಗೂ ಕೆಲಸ ಹೋಗುತ್ತಿತ್ತು. ಸುಪ್ರೀಂ ಕೋರ್ಟ್ ಬಸುರಿನ ಷರತ್ತನ್ನು ಕಿತ್ತುಹಾಕಿತು. 4 ವರ್ಷದ ಮದುವೆ ಷರತ್ತನ್ನು ಮಾತ್ರ ಉಳಿಸಿತು. ಅದು ಇವತ್ತು ಓದಿದರೆ ಬೇಸರವಾಗುತ್ತದೆ.

ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಅಂಶ ಇದೆ. 35 ಆದ ಮೇಲೆ ವರ್ಷ ವರ್ಷ ಮುಂದುವರಿಸುವ ಅಧಿಕಾರ ಮ್ಯಾನೇಜಿಂಗ್ ಡೈರೆಕ್ಟರ್ ಕೈಯಲ್ಲಿತ್ತು. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದಕ್ಕೆ ಯಾವ ಅಳತೆಯೂ ಇರಲಿಲ್ಲ. ಹೀಗೆ ಅಂಕೆಯಿಲ್ಲದ ಅಧಿಕಾರ ಸಲ್ಲದು ಎಂದು ಕೋರ್ಟ್ ಅದನ್ನೂ ರದ್ದು ಮಾಡಿತು. ನಮ್ಮ ಚಿಕ್ಕಬಳ್ಳಾಪುರದವರ ಚಿಕ್ಕಪ್ಪನ ಕರಾರು ಪಕ್ಕಾ ಅದೇ ಥರ ಇದೆ. ಏರ್ ಇಂಡಿಯಾ ಆಗ ಸರ್ಕಾರಿ ಸಂಸ್ಥೆ, ಹಾಗಾಗಿ ಆ ತೀರ್ಪು ಖಾಸಗಿಯವರ ಮೇಲೆ ನೇರವಾಗಿ ಓಡುವುದಿಲ್ಲ. ಆದರೆ ಅದರ ಹಿಂದಿನ ನ್ಯಾಯ ಯಾರಿಗಾದರೂ ಅರ್ಥವಾಗುತ್ತದೆ. ಮುಂದುವರಿಸುವುದಾದರೆ ಯಾವ ಅಳತೆಯ ಮೇಲೆ ಅಂತ ಹೇಳಬೇಕು.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ನಮ್ಮ ಊರಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಮ್ಮ ತಂದೆಗೆ ಆಗ 50ರ ಆಸುಪಾಸು. ಗಣಿಯ ಕೆಲಸ ಬಿಟ್ಟು ಬೇರೆ ಗೊತ್ತಿರಲಿಲ್ಲ. ಬೆಂಗಳೂರಿಗೆ ರೈಲಲ್ಲಿ ಹೋಗಿ ಕೆಲಸ ಕೇಳಿದರೆ "ವಯಸ್ಸಾಯ್ತು" ಅನ್ನೋರು. ಕೈಯಲ್ಲಿ ಶಕ್ತಿ ಇತ್ತು, ಯಾರೂ ಪರೀಕ್ಷೆ ಮಾಡಿ ನೋಡಲಿಲ್ಲ. ಪೈಲಟ್‌ಗೆ ಸಂಬಳ ಜಾಸ್ತಿ, ನಮ್ಮ ತಂದೆಗೆ ಕಡಿಮೆ. ಆದರೆ ಆ ಮಾತು ಕೇಳಿಸಿಕೊಂಡು ಮನೆಗೆ ಬರೋ ಮನುಷ್ಯನ ಸಂಕಟ ಒಂದೇ. ಇದನ್ನು ಬರೆಯಬೇಕು ಅನ್ನಿಸಿತು.

ಮಾಲೂರು ರೋಟರ್

ನಾನು ಹೆಲಿಕಾಪ್ಟರ್ ಪೈಲಟ್ ಆಗಿದ್ದವನು. ಇಲ್ಲಿಯವರೆಗೆ ಎಲ್ಲರೂ ವಿಮಾನದ ಮಾತೇ ಆಡಿದಿರಿ. ನಮ್ಮ ಕಥೆ ಇನ್ನೂ ಬೇರೆ.

65 ಅನ್ನುವುದು ಇಬ್ಬರು ಪೈಲಟ್ ಇರುವ ಹಾರಾಟಕ್ಕೆ. ಒಬ್ಬರೇ ಹಾರಿಸುವ ವಾಣಿಜ್ಯ ಹಾರಾಟಕ್ಕೆ ಐಸಿಎಒ ಮಿತಿ ಈಗಲೂ 60. ಸಣ್ಣ ಒಂಟಿ ಎಂಜಿನ್ ಹೆಲಿಕಾಪ್ಟರ್‌ಗಳನ್ನು ಒಬ್ಬರೇ ಹಾರಿಸುವುದು ಜಾಸ್ತಿ. ಅಂಥದ್ದರಲ್ಲಿ ಬದುಕು ಕಳೆದವರಿಗೆ 60ಕ್ಕೆ ಬಾಗಿಲು ಮುಚ್ಚಿತು. ಈ ಮಿತಿಯನ್ನು ನಾನು ಒಪ್ಪುತ್ತೇನೆ. ಒಬ್ಬರೇ ಇರುವಾಗ ಎದೆ ಹಿಡಿದುಕೊಂಡರೆ ನೋಡಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ.

ಆದರೆ ನೋಡಿ, ಚುನಾವಣೆ ಬಂದಾಗ ಎಲ್ಲ ಬದಲಾಗುತ್ತದೆ. ಎಲ್ಲ ಪಕ್ಷಗಳಿಗೂ ಹೆಲಿಕಾಪ್ಟರ್ ಬೇಕು. ಗಣ್ಯರನ್ನು ಕೂರಿಸಿಕೊಂಡು ಹಾರಲು ಎರಡು ಎಂಜಿನ್, ಇಬ್ಬರು ಪೈಲಟ್ ಬೇಕು. ಆಗ 62, 63 ವಯಸ್ಸಿನವರಿಗೂ ಫೋನ್ ಬರುತ್ತದೆ. "ಕ್ಯಾಪ್ಟನ್, ಎರಡು ತಿಂಗಳು ಬನ್ನಿ." ಶಾಲೆ ಮೈದಾನದಲ್ಲಿ, ಕಲ್ಲಂಗಡಿ ಹೊಲದ ಪಕ್ಕದಲ್ಲಿ, ಧೂಳೆಬ್ಬಿಸುವ ಹೆಲಿಪ್ಯಾಡ್‌ಗಳಲ್ಲಿ ಇಳಿಸುವಾಗ ಅವರ ವಯಸ್ಸು ಯಾರಿಗೂ ತೊಂದರೆ ಕೊಡುವುದಿಲ್ಲ. ಮತದಾನ ಮುಗಿದ ಮೇಲೆ ಮತ್ತೆ ವಯಸ್ಸಾದವರು ಆಗುತ್ತಾರೆ. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ. ಕಷ್ಟದ ಕೆಲಸಕ್ಕೆ ಬೇಕು, ಕಾಯಂ ಕೆಲಸಕ್ಕೆ ಬೇಡ ಅಂದರೆ ಅಲ್ಲಿ ಸುರಕ್ಷತೆಯ ಮಾತೇ ಇಲ್ಲ.

ಕೋಲಾರದ ಮಗಳೇ, ಪಕ್ಕದವರ ಮಾತು ಕೇಳದ ಕ್ಯಾಪ್ಟನ್ ಬಗ್ಗೆ ನೀನು ಬರೆದದ್ದು ನಿಜ. ಅಂಥವರು 35ರಲ್ಲೂ ಇದ್ದರು, 60ರಲ್ಲೂ ಇದ್ದರು. ಚೆಕ್ ಮಾಡುವವರು ಬರೀ ಲ್ಯಾಂಡಿಂಗ್ ನೋಡಬಾರದು. ಇಬ್ಬರೂ ಹೇಗೆ ಮಾತಾಡಿಕೊಳ್ಳುತ್ತಾರೆ ಅನ್ನುವುದನ್ನು ನೋಡಬೇಕು. ಅದರಲ್ಲಿ ಫೇಲಾದರೆ ಯಾವ ವಯಸ್ಸಿನವರನ್ನಾದರೂ ಮನೆಗೆ ಕಳಿಸಲಿ.

ಗುಬ್ಬಿಯಿಂದ, ತುಮಕೂರು ಜಿಲ್ಲೆ

ಮಾಲೂರಿನವರು ಬರೆದದ್ದು ಓದಿ ಮನಸ್ಸಿಗೆ ನಾಟಿತು. ಗೆರೆ ಬೇಕು ಎಂಬ ಮಾತನ್ನು ನಾನು ಬಿಡುವುದಿಲ್ಲ. ಆದರೆ ಗೆರೆ ಎಲ್ಲರಿಗೂ ಕಾಣುವ ಹಾಗೆ ಇರಬೇಕು. ನಮ್ಮ ಕಾರ್ಖಾನೆಯಲ್ಲಿ ಸೇರಿದ ದಿನವೇ ನಿವೃತ್ತಿಯ ದಿನ ಗೊತ್ತಿರುತ್ತಿತ್ತು. ಮಗಳ ಮದುವೆ, ಮನೆ ಕಟ್ಟುವುದು ಎಲ್ಲ ಅದಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿಕೊಂಡೆವು.

ಆಮೇಲೆ ಒಂದು ಪ್ರಶ್ನೆ. ಅಮೆರಿಕದಲ್ಲಿ ಬಾಡಿಗೆ ಜೆಟ್‌ಗಳಿಗೆ ಮಿತಿಯೇ ಇಲ್ಲ ಅಂತ ಕೇಳಿದ್ದೆ. 75, 80 ಆದವರೂ ಹಾರಿಸುತ್ತಾರಾ?

ಚಿಂತಾಮಣಿ ವಕೀಲ

ಬಹುತೇಕ ಕಡೆ ಕಾನೂನಿನ ಮಿತಿ ಇಲ್ಲ, ಮೆಡಿಕಲ್ ಪಾಸಾದರೆ ಸಾಕು. ಆದರೆ 2022ರ ಡಿಸೆಂಬರ್‌ನಲ್ಲಿ ಒಂದು ಬದಲಾವಣೆ ಬಂತು. ವರ್ಷಕ್ಕೆ 75 ಸಾವಿರ ಜೆಟ್ ಹಾರಾಟ ಅಥವಾ ಅದಕ್ಕಿಂತ ಹೆಚ್ಚು ನಡೆಸುವ ದೊಡ್ಡ ಸಂಸ್ಥೆಗಳಿಗೆ 70ರ ಮಿತಿ ಅನ್ವಯವಾಗುವಂತೆ ಕಾಯ್ದೆ ಮಾಡಿದರು. ಏರ್‌ಲೈನ್‌ಗಳ ಮಿತಿಯನ್ನು 67 ಮಾಡಬೇಕೆಂದು 2023ರಲ್ಲಿ ಅಲ್ಲಿನ ಕೆಳಮನೆ ಒಪ್ಪಿತ್ತು. 2024ರ ಅಂತಿಮ ಕಾಯ್ದೆಯಲ್ಲಿ ಅದು ಬರಲಿಲ್ಲ, 65 ಹಾಗೇ ಉಳಿಯಿತು. ಅಲ್ಲಿನ ದೊಡ್ಡ ಪೈಲಟ್ ಸಂಘವೇ 67 ಬೇಡ ಎಂದಿತ್ತು. ಅಂದರೆ ಪೈಲಟ್‌ಗಳಲ್ಲೇ ಒಮ್ಮತ ಇಲ್ಲ.

ತುಮಕೂರು ವೈದ್ಯ

ಒಂದು ಮಾತು ಸೇರಿಸುತ್ತೇನೆ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇದ್ದರೆ ಪೈಲಟ್ ಡಾಕ್ಟರ ಹತ್ತಿರ ನಿಜ ಹೇಳುವುದಿಲ್ಲ. ಎದೆ ಉರಿ, ನಿದ್ದೆ ಬಾರದಿರುವುದು, ಮರೆವು, ಎಲ್ಲ ಮುಚ್ಚಿಡುತ್ತಾರೆ. ವಯಸ್ಸಿನ ಮೇಲೆ ಅಂಕೆಯಿಲ್ಲದೆ ಕಳಿಸುವ ಕಂಪನಿ ತನ್ನ ಸುರಕ್ಷತೆಯನ್ನೇ ಕೆಡಿಸಿಕೊಳ್ಳುತ್ತಿದೆ. ಇದು ಮ್ಯಾನೇಜರ್‌ಗಳಿಗೆ ಅರ್ಥವಾಗಬೇಕು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಎಲ್ಲರಿಗೂ ತುಂಬಾ ಧನ್ಯವಾದ. ಚಿಕ್ಕಪ್ಪನಿಗೆ ಇಡೀ ಚರ್ಚೆ ಓದಿ ಹೇಳಿದೆ. ಅವರು ಕೇಳುವುದು ಮೂರೇ ವಿಷಯ. ಮಿತಿ ಇದ್ದರೆ ನೇಮಕಾತಿ ಪತ್ರದಲ್ಲೇ ಬರೆಯಲಿ. ಅದಕ್ಕಿಂತ ಮೊದಲು ಕಳಿಸುವುದಾದರೆ ಮೆಡಿಕಲ್ ಅಥವಾ ಚೆಕ್‌ನಲ್ಲಿ ಏನು ಕೊರತೆ ಎಂದು ಕಾಗದದಲ್ಲಿ ಕೊಡಲಿ. ಕೆಲಸದ ಜಾಹೀರಾತಿನಲ್ಲಿ 50, 55 ಎಂದು ಹಾಕುವುದನ್ನು ಡಿಜಿಸಿಎ ಪ್ರಶ್ನಿಸಲಿ. 65ಕ್ಕೆ ಮನೆಗೆ ಹೋಗಲು ಅವರಿಗೆ ಯಾವ ಬೇಜಾರೂ ಇಲ್ಲ.

ವಕೀಲ ಸಾರ್, ಈಗ ನಾವು ಏನು ಮಾಡಬಹುದು?

ಚಿಂತಾಮಣಿ ವಕೀಲ

ನೇಮಕಾತಿ ಪತ್ರ, 60 ಆದ ಮೇಲಿನ ಕರಾರು, ಕಂಪನಿಯ ಆಪರೇಷನ್ಸ್ ಮ್ಯಾನುಯಲ್‌ನಲ್ಲಿ ಪೈಲಟ್ ಅರ್ಹತೆಯ ಪುಟ, ಕೊನೆಯ ಮೆಡಿಕಲ್ ಮತ್ತು ಚೆಕ್ ವರದಿ, ಇಷ್ಟನ್ನೂ ತಗೊಂಡು ಬನ್ನಿ. ಕರಾರು ಅವಧಿಗೆ ಮೊದಲೇ ಮುರಿದಿದ್ದರೆ ಅಥವಾ ನೋಟಿಸ್ ಅವಧಿ ಕೊಟ್ಟಿಲ್ಲದಿದ್ದರೆ ಪರಿಹಾರ ಕೇಳಬಹುದು. ಕೆಲಸವನ್ನೇ ವಾಪಸ್ ಕೊಡಿಸುವುದು ಖಾಸಗಿ ಕರಾರಿನಲ್ಲಿ ಬಹಳ ಕಷ್ಟ, ಸುಳ್ಳು ಭರವಸೆ ಕೊಡುವುದಿಲ್ಲ. ಗ್ರಾಚ್ಯುಟಿ ಪೂರ್ತಿ ಬಂದಿದೆಯಾ ನೋಡಿ.

ಮ್ಯಾನೇಜರ್ ಹೇಳಿದ ಮಾತು ಇಮೇಲ್‌ನಲ್ಲಿ ಇದೆಯಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಇಲ್ಲ ಸಾರ್. ಬಾಯಲ್ಲಿ ಹೇಳಿದ್ದು.

ಚಿಂತಾಮಣಿ ವಕೀಲ

ಹಾಗಾದರೆ ಚಿಕ್ಕಪ್ಪನವರಿಂದ ಇವತ್ತೇ ಒಂದು ಇಮೇಲ್ ಬರೆಸಿ. ಯಾವ ದಿನ, ಯಾರು, ಏನು ಹೇಳಿದರು ಎಂದು ಇದ್ದದ್ದು ಇದ್ದ ಹಾಗೆ. ಕೋಪದ ಮಾತು ಒಂದೂ ಬೇಡ. ಕೊನೆಯಲ್ಲಿ "ಕರಾರು ಮುಂದುವರಿಸದಿರಲು ಕಾರಣವನ್ನು ಬರಹದಲ್ಲಿ ತಿಳಿಸಿ" ಎಂದು ಕೇಳಿ. ಉತ್ತರ ಬಂದರೂ, ಬಾರದಿದ್ದರೂ ಅದೇ ನಮ್ಮ ಮೊದಲ ದಾಖಲೆ. ಸೋಮವಾರ ಮಧ್ಯಾಹ್ನ ಕೋರ್ಟ್ ಮುಗಿದ ಮೇಲೆ ಆಫೀಸ್‌ಗೆ ಬನ್ನಿ. ವಿಳಾಸ ಮೆಸೇಜ್ ಮಾಡುತ್ತೇನೆ.